ಚಳ್ಳಕೆರೆಯಲ್ಲಿ ಉತ್ತರ ಯಾವ ಕಡೆ?

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ "ಉತ್ತರ ಯಾವ ಕಡೆ?" ಅಂತ ಕೇಳಿ. ಕೈ ಎತ್ತಿ ಬಳ್ಳಾರಿ ಕಡೆ ತೋರಿಸ್ತಾರೆ. ಅವರು ತೋರಿಸಿದ್ದು ಸಾಕು, ಬಸ್ ಹಿಡಿಯೋಕೆ ಅದಕ್ಕಿಂತ ನಿಖರವಾದ ಉತ್ತರ ಬೇಕಾಗಿಲ್ಲ. ಆದ್ರೆ ಅಲ್ಲೇ ಪಕ್ಕದ ಹೊಲದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ಟೋಟಲ್ ಸ್ಟೇಷನ್ ಕೂರಿಸುತ್ತಿರುವ ಸರ್ವೆಯರ್‌ನ ಕೇಳಿದರೆ ಅವನು ನಿಮ್ಮನ್ನೇ ತಿರುಗಿ ಕೇಳಬೇಕು: ಯಾವ ಉತ್ತರ ಸಾರ್?

ಯಾಕಂದ್ರೆ ಚಳ್ಳಕೆರೆಯಲ್ಲಿ ಉತ್ತರ ಒಂದಲ್ಲ, ಮೂರು. ಭೂಮಿ ಸುತ್ತುವ ಅಕ್ಷದ ತುದಿ ಇರುವ ದಿಕ್ಕು ನಿಜವಾದ ಉತ್ತರ. ದಿಕ್ಸೂಚಿಯ ಮುಳ್ಳು ತೋರಿಸೋದು ಅಯಸ್ಕಾಂತದ ಉತ್ತರ. ನಮ್ಮ ಭಾಗದಲ್ಲಿ ಅದು ಈಗ ನಿಜ ಉತ್ತರಕ್ಕಿಂತ ಒಂದು ಡಿಗ್ರಿಯ ಆಸುಪಾಸು ಪಶ್ಚಿಮಕ್ಕೆ ವಾಲಿದೆ. ಮೂರನೆಯದು ನಕ್ಷೆಯ ಮೇಲೆ ಚೌಕುಳಿ ಗೆರೆ ಎಳೆದವರ ಉತ್ತರ, ಅಂದ್ರೆ ಗ್ರಿಡ್ ಉತ್ತರ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಯುಟಿಎಂ ಪದ್ಧತಿಯವರು ನಮ್ಮ ವಲಯಕ್ಕೆ 75 ಡಿಗ್ರಿ ಪೂರ್ವ ರೇಖಾಂಶವನ್ನು ನಡುಗೆರೆ ಮಾಡಿಕೊಂಡಿದ್ದಾರೆ. ಚಳ್ಳಕೆರೆ ಇರೋದು 76.65ರ ಹತ್ತಿರ. ನಡುಗೆರೆಯಿಂದ ಅಷ್ಟು ಪೂರ್ವಕ್ಕೆ ಇರೋದಕ್ಕೆ ಇಲ್ಲಿ ಗ್ರಿಡ್ ಉತ್ತರ ನಿಜ ಉತ್ತರಕ್ಕಿಂತ ಸುಮಾರು 0.4 ಡಿಗ್ರಿ ಪೂರ್ವಕ್ಕೆ ವಾಲುತ್ತೆ. ಒಂದು ಆ ಕಡೆ, ಒಂದು ಈ ಕಡೆ, ನಡುವೆ ನಿಜವಾದದ್ದು.

ಒಂದು ಡಿಗ್ರಿ ಅಂದ್ರೆ ಎಷ್ಟು? ಒಂದು ಕಿಲೋಮೀಟರ್ ನಡೆದರೆ ಹದಿನೇಳೂವರೆ ಮೀಟರ್ ಪಕ್ಕಕ್ಕೆ ಸರಿದಿರ್ತೀರಿ. ಬೆಂಗಳೂರಿನಲ್ಲಿ ಹದಿನೇಳು ಮೀಟರ್ ಅಂದ್ರೆ ಒಂದು ಸೈಟಿನ ಉದ್ದಕ್ಕಿಂತ ಹೆಚ್ಚು. ನಮ್ಮ ಕಡೆ ಶೇಂಗಾ ಹೊಲದಲ್ಲಿ ಒಂದು ಬದು, ನಾಲ್ಕು ಬೇವಿನ ಮರ, ಇಬ್ಬರು ಅಣ್ಣತಮ್ಮಂದಿರ ನಡುವೆ ಹದಿನೈದು ವರ್ಷದ ಕೋರ್ಟು.

ಈ ಉತ್ತರ ಹುಡುಕೋ ಕೆಲಸ ಈ ಸೀಮೆಯಲ್ಲಿ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಗೊತ್ತಿರಬಹುದು. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಅದನ್ನು ಬರೆದ ಲಿಪಿಕಾರ ಚಪಡ ಬ್ರಾಹ್ಮಿಯಲ್ಲಿ ಎಲ್ಲಾ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನೋದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ವಾಯವ್ಯದ ಲಿಪಿ, ಮೊಳಕಾಲ್ಮೂರಿನ ಬಂಡೆ. (ಎರಡು ಭಾಷೆಯಲ್ಲಿ ಕೋಡ್ ಬರೆಯೋನು ಕಾಮೆಂಟಿನಲ್ಲಿ ತನ್ನ ಗತ್ತು ತೋರಿಸಿದ ಹಾಗೆ ಅಂತ ನನಗೆ ಪ್ರತಿಸಲ ಅನಿಸುತ್ತೆ.)

ಆದ್ರೆ ದಿಕ್ಕಿನ ವಿಷಯಕ್ಕೆ ಬಂದರೆ ಶಾಸನಕ್ಕಿಂತ ಅದೇ ಬೆಟ್ಟದ ಬುಡದ ಗೋರಿಗಳು ಮುಖ್ಯ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳು ಸಿಕ್ಕವು. ಸುತ್ತ ಕಲ್ಲಿನ ವೃತ್ತ, ನಡುವೆ ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಹಾಗೆ ಒಂದಕ್ಕೊಂದು ಆನಿಸಿ ಮಾಡಿದ ಪೆಟ್ಟಿಗೆ, ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಸತ್ತವರಿಗೂ ಒಂದು ದಿಕ್ಕು ಬೇಕಾಗಿತ್ತು. ಪೂರ್ವ ಹುಡುಕೋದು ಸುಲಭ, ಸೂರ್ಯ ಹುಟ್ಟೋ ಕಡೆ ಅಂತ ನಾವು ಹೇಳಿಬಿಡ್ತೀವಿ. ಆದರೆ ಬ್ರಹ್ಮಗಿರಿಯಿಂದ ನೋಡಿದರೆ ಡಿಸೆಂಬರಿನಲ್ಲಿ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ, ಜೂನ್‌ನಲ್ಲಿ 24 ಡಿಗ್ರಿ ಉತ್ತರಕ್ಕೆ. ನೇರ ಪೂರ್ವದಲ್ಲಿ ಹುಟ್ಟೋದು ವರ್ಷಕ್ಕೆ ಎರಡೇ ದಿನ. ಮಿಕ್ಕ ದಿನ ಸೂರ್ಯನನ್ನು ನಂಬಿ ಪೂರ್ವ ಗುರುತು ಮಾಡೋನು ಅಷ್ಟಿಷ್ಟು ತಪ್ಪಲೇಬೇಕು.

ಸರಿ, ರಾತ್ರಿ ಧ್ರುವ ನಕ್ಷತ್ರ ನೋಡಿದರೆ ಆಯ್ತಲ್ಲ? ಅಶೋಕನ ಕಾಲದಲ್ಲಿ ಅದೂ ಆಗ್ತಿರಲಿಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಮ್ಮೆ ಓಲಾಡಿ ಒಂದು ಸುತ್ತು ಬರುತ್ತೆ. ಈಗ ನಾವು ಧ್ರುವ ಅಂತ ಕರೆಯೋ ನಕ್ಷತ್ರ ಆಗ ನಿಜವಾದ ಧ್ರುವ ಬಿಂದುವಿನಿಂದ 13 ಡಿಗ್ರಿಯಷ್ಟು ದೂರದಲ್ಲಿ ತಾನೇ ಗಿರಕಿ ಹೊಡೀತಿತ್ತು. ಅಲ್ಲಾಡದ ನಕ್ಷತ್ರ ಅನ್ನೋದು ಆ ಆಕಾಶದಲ್ಲಿ ಇರಲೇ ಇಲ್ಲ.

ಅದಕ್ಕೇ ನಮ್ಮವರು ಕೋಲು ನೆಟ್ಟರು. ಕಾತ್ಯಾಯನ ಶುಲ್ಬಸೂತ್ರದಲ್ಲಿ ಆ ವಿಧಾನ ಇದೆ. ಸಮತಟ್ಟು ನೆಲದಲ್ಲಿ ನೆಟ್ಟಗೆ ಒಂದು ಶಂಕು ನೆಡಿ. ಅದನ್ನೇ ಕೇಂದ್ರ ಮಾಡಿ ಹಗ್ಗದಲ್ಲಿ ಒಂದು ವೃತ್ತ ಎಳೀರಿ. ಬೆಳಿಗ್ಗೆ ನೆರಳು ಉದ್ದ, ವೃತ್ತದಾಚೆ ಇರುತ್ತೆ. ಹೊತ್ತೇರಿದ ಹಾಗೆ ಗಿಡ್ಡವಾಗಿ ಅದರ ತುದಿ ಪಶ್ಚಿಮದ ಕಡೆ ವೃತ್ತವನ್ನು ಮುಟ್ಟಿ ಒಳಗೆ ಬರುತ್ತೆ. ಅಲ್ಲೊಂದು ಗೂಟ. ಮಧ್ಯಾಹ್ನದ ಮೇಲೆ ಮತ್ತೆ ಉದ್ದವಾಗಿ ಪೂರ್ವದ ಕಡೆ ಹೊರಗೆ ಹೋಗುತ್ತೆ. ಅಲ್ಲೊಂದು ಗೂಟ. ಎರಡು ಗೂಟಗಳ ನಡುವೆ ಹಗ್ಗ ಎಳೆದರೆ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದರೆ ಉತ್ತರ ದಕ್ಷಿಣ. ಅಯಸ್ಕಾಂತ ಬೇಡ, ಗಡಿಯಾರ ಬೇಡ, ನಕ್ಷತ್ರವೂ ಬೇಡ. ಈಗ ಮಂತ್ರಿಗಳು ಬಂದು ಅರಿಶಿನ ಕುಂಕುಮ ಹಚ್ಚಿ ಫೋಟೊ ತೆಗೆಸಿಕೊಳ್ಳುವ 'ಶಂಕುಸ್ಥಾಪನೆ' ಅನ್ನೋ ಪದದಲ್ಲಿರೋದು ಇದೇ ಶಂಕು. ಕಟ್ಟಡಕ್ಕೆ ಮೊದಲು ದಿಕ್ಕು ಬೇಕು, ದಿಕ್ಕಿಗೆ ಕೋಲು ಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಅಮೆರಿಕದ, ಯುರೋಪಿನ ವಿಡಿಯೋಗಳಲ್ಲಿ ಇದಕ್ಕಿಂತ ಸುಲಭದ್ದು ತೋರಿಸ್ತಾರೆ: ನಡುಹಗಲಲ್ಲಿ ಕೋಲಿನ ನೆರಳು ಯಾವ ಕಡೆ ಬೀಳುತ್ತೋ ಅದೇ ಉತ್ತರ. ಅವರ ಊರಿಗೆ ಅದು ಸರಿ. ಚಳ್ಳಕೆರೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಆ ವಿಡಿಯೋ ನಂಬಿ ಜೂನ್‌ನಲ್ಲಿ ಮನೆ ಪಾಯ ಹಾಕಿದರೆ ವಾಸ್ತು ಪೂರ್ತಿ ತಲೆಕೆಳಗು. ಆ ಅವಧಿಯ ಶುರುವಿಗೂ ಕೊನೆಗೂ ಒಂದೊಂದು ದಿನ ನೆರಳೇ ಇರಲ್ಲ. ಇನ್ನು ನಡುಹಗಲು ಅಂದ್ರೆ 12 ಗಂಟೆಯೂ ಅಲ್ಲ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಚಳ್ಳಕೆರೆಗೆ ಸೂರ್ಯ ಸರಾಸರಿ 23 ನಿಮಿಷ ತಡ. ನವೆಂಬರ್ ಶುರುವಿನಲ್ಲಿ 12:07ಕ್ಕೆ ನಡುಹಗಲು, ಫೆಬ್ರವರಿ ನಡುವಿನಲ್ಲಿ 12:37ಕ್ಕೆ. ಹಳೆಯ ಶಂಕುವಿನ ವಿಧಾನಕ್ಕೆ ಇದ್ಯಾವ ತಾಪತ್ರಯವೂ ಇಲ್ಲ, ಯಾಕಂದ್ರೆ ಅದು ಗಡಿಯಾರವನ್ನು ಕೇಳೋದೇ ಇಲ್ಲ.

ಇನ್ನು ಕಂಪನಿ ಸರ್ಕಾರದ ಕಾಲ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಕಥೆಯನ್ನು ಎಲ್ಲರೂ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್‌ನಿಂದ, 1802ರಿಂದ ಶುರು ಮಾಡ್ತಾರೆ. ನನಗೆ ಕೇಳಿದರೆ ಅದು ಶುರುವಾಗಬೇಕಾದ್ದು 1799ರ ಏಪ್ರಿಲ್‌ನ ಒಂದು ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ತೋಪಿನಲ್ಲಿ. ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಲು ಬಂದ ಸೈನ್ಯದ ಒಂದು ತುಕಡಿಯನ್ನು ಜನರಲ್ ಬೇರ್ಡ್ ಸುಲ್ತಾನ್‌ಪೇಟೆಯ ತೋಪಿನೊಳಗೆ ಕರೆದುಕೊಂಡು ಹೋದ. ಅಲ್ಲಿ ಯಾರೂ ಸಿಗಲಿಲ್ಲ, ವಾಪಸ್ ಹೊರಟರು. ಕತ್ತಲೆ. ಬೇರ್ಡ್‌ನ ಬ್ರಿಗೇಡ್ ಮೇಜರ್ ಆಗಿದ್ದವನು ವಿಲಿಯಂ ಲ್ಯಾಂಬ್ಟನ್. ಅವನು ತಲೆ ಎತ್ತಿ ನೋಡಿ, ಸ್ವಾಮಿ, ನಾವು ದಕ್ಷಿಣಕ್ಕೆ ಹೋಗಬೇಕು, ಉತ್ತರಕ್ಕೆ ಹೋಗ್ತಾ ಇದ್ದೀವಿ, ಹೀಗೇ ಹೋದರೆ ಟಿಪ್ಪುವಿನ ಪಾಳೆಯಕ್ಕೇ ನುಗ್ತೀವಿ ಅಂದ. ಏಪ್ರಿಲ್ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಇರುತ್ತೆ. ನೋಡಲು ಗೊತ್ತಿದ್ದವನಿಗೆ ತಪ್ಪೋಕೆ ಸಾಧ್ಯ ಇಲ್ಲ. ಜನರಲ್‌ಗೆ ಸಿಟ್ಟು ಬಂತು. ದಾರಿ ಹುಡುಕೋಕೆ ನಕ್ಷತ್ರ ಕೇಳಬೇಕಾಗಿಲ್ಲ ಅನ್ನೋ ಧಾಟಿಯಲ್ಲಿ ಮುಂದೆ ನಡೆದ. ಸ್ವಲ್ಪ ಹೊತ್ತಿಗೆ ಶತ್ರುವಿನ ಕಾವಲು ತುಕಡಿಗೇ ಡಿಕ್ಕಿ. ಆಮೇಲೆ ದೀಪ ತಂದು ದಿಕ್ಸೂಚಿ ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಮ್ಯಾನೇಜರ್‌ಗೆ ಡೇಟಾ ತೋರಿಸಿದರೂ ಪ್ರೊಡಕ್ಷನ್ ಬಿದ್ದ ಮೇಲೇ ಒಪ್ಪೋದು ಅನ್ನೋದು ಹೊಸ ಕಥೆ ಏನಲ್ಲ.

ಆ ಯುದ್ಧ ಮುಗಿದ ಮೇಲೆ ಗೆದ್ದ ನಾಡನ್ನು ಅಳೆಯೋ ಕೆಲಸ ಇಬ್ಬರ ಕೈಗೆ ಬಂತು. ಒಬ್ಬ ಕಾಲಿನ್ ಮೆಕೆಂಜಿ. ಮೈಸೂರು ಸೀಮೆಯ ಊರು, ಕೆರೆ, ದಾರಿ, ಗಡಿ ಎಲ್ಲವನ್ನೂ ನಕ್ಷೆಗೆ ಇಳಿಸೋದು ಅವನ ಕೆಲಸ; ಚಿತ್ರದುರ್ಗದ ಸೀಮೆಯೂ ಅದರಲ್ಲಿ ಬಂತು. ಅಳೀತಾ ಅಳೀತಾ ಊರೂರಿನ ಕೈಫಿಯತ್ತು, ಶಾಸನ, ಪಾಳೆಯಗಾರರ ಕಥೆ ಎಲ್ಲಾ ಬರೆಸಿಕೊಂಡ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಇನ್ನೊಬ್ಬ ನಮ್ಮ ಲ್ಯಾಂಬ್ಟನ್. ಅವನಿಗೆ ಊರು ಕೆರೆ ಬೇಡ, ಭೂಮಿಯ ಆಕಾರವೇ ಬೇಕು. 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಹತ್ತಿರ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆ ಉದ್ದದ ಒಂದು ಗೆರೆಯನ್ನು ಸರಪಳಿಯಲ್ಲಿ ಅಳೆದು ಅಭ್ಯಾಸ ಮಾಡಿಕೊಂಡ. ಮದ್ರಾಸು ಆಮೇಲೆ.

ಅವನ ದೊಡ್ಡ ಥಿಯೋಡಲೈಟ್ ಲಂಡನ್ನಿನ ಕೇರಿ ಅನ್ನುವವನು ಮಾಡಿದ್ದು. ತೂಕ ಅರ್ಧ ಟನ್. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನೇ ಹಿಡಿದು ಮಾರಿಷಸ್ಸಿಗೆ ಒಯ್ದರು. ವಿಜ್ಞಾನದ ಸಾಮಾನು ಅಂತ ಗೊತ್ತಾದ ಮೇಲೆ ಮರ್ಯಾದೆಯಿಂದ ವಾಪಸ್ ಕಳಿಸಿದರು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಮೇಲಕ್ಕೆ ಎಳೆಯುವಾಗ ಹಗ್ಗ ಹರಿದು ಅಪ್ಪಳಿಸಿತು. ಲ್ಯಾಂಬ್ಟನ್ ಗುಡಾರ ಹಾಕಿಕೊಂಡು ಆರು ವಾರ ಕೂತು ಅದನ್ನು ತಾನೇ ಮತ್ತೆ ಸರಿ ಮಾಡಿದ.

ಈ ಯಂತ್ರಕ್ಕೆ ನಿಜವಾದ ಉತ್ತರ ಕಲಿಸೋದು ಹೇಗೆ ಅನ್ನೋದೇ ಸ್ವಾರಸ್ಯ. ದಿಕ್ಸೂಚಿಯನ್ನು ಅವರು ಇಂಥ ಕೆಲಸಕ್ಕೆ ನಂಬುತ್ತಿರಲಿಲ್ಲ. ಅಯಸ್ಕಾಂತದ ಉತ್ತರ ವರ್ಷ ವರ್ಷ ಸರಿಯುತ್ತೆ, ಕಬ್ಬಿಣದ ಅದಿರಿನ ಗುಡ್ಡ ಪಕ್ಕದಲ್ಲಿದ್ದರೆ ಮುಳ್ಳು ಅದರ ಕಡೆಗೇ ಒಲಿಯುತ್ತೆ. ಚಿತ್ರದುರ್ಗ, ಸಂಡೂರು ಕಡೆಯ ಅದಿರು ಗೊತ್ತಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಮುಂಬಯಿಯ ಕೊಲಾಬಾದಲ್ಲಿ ಭೂಕಾಂತತ್ವ ಅಳೆಯುತ್ತಿದ್ದ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗಿಗೆ ಎತ್ತಂಗಡಿ ಮಾಡಿದ್ದು ಊರಿಗೆ ಎಲೆಕ್ಟ್ರಿಕ್ ಟ್ರಾಮು ಬರುತ್ತೆ ಅನ್ನೋ ಕಾರಣಕ್ಕೆ. ಈಗ ನಾವು ಮ್ಯಾಗ್ನೆಟ್ ಇರೋ ಕವರ್ ಹಾಕಿದ ಮೊಬೈಲಿನಲ್ಲಿ ಮನೆಯ ವಾಸ್ತು ನೋಡ್ತೀವಿ.) ಆದ್ದರಿಂದ ಧ್ರುವ ನಕ್ಷತ್ರ. ಆದರೆ 1800ರಲ್ಲಿ ಅದೂ ಧ್ರುವ ಬಿಂದುವಿನಿಂದ ಒಂದೂಮುಕ್ಕಾಲು ಡಿಗ್ರಿ ಆಚೆ ಇತ್ತು, ಈಗಿನ ದೂರದ ಎರಡೂವರೆ ಪಟ್ಟಿಗಿಂತ ಹೆಚ್ಚು. ದಿನಕ್ಕೊಂದು ಪುಟ್ಟ ಸುತ್ತು ಹಾಕುತ್ತಿತ್ತು. ಹಾಗಾಗಿ ಅದನ್ನು ಯಾವಾಗಂದ್ರೆ ಆವಾಗ ನೋಡಿ ಇದೇ ಉತ್ತರ ಅನ್ನೋ ಹಾಗಿಲ್ಲ.

ಉಪಾಯ ಏನಂದ್ರೆ, ನಕ್ಷತ್ರ ತನ್ನ ಸುತ್ತಿನ ತೀರಾ ಪೂರ್ವಕ್ಕೋ ತೀರಾ ಪಶ್ಚಿಮಕ್ಕೋ ಬಂದ ಗಳಿಗೆಗೆ ಕಾಯೋದು. ಜೋಕಾಲಿ ತುದಿ ಮುಟ್ಟಿದಾಗ ಒಂದು ಕ್ಷಣ ನಿಲ್ಲುತ್ತಲ್ಲ, ಹಾಗೆ ಆ ಹೊತ್ತಿನಲ್ಲಿ ನಕ್ಷತ್ರ ಮೇಲೆ ಕೆಳಗೆ ಸರಿಯುತ್ತೆ, ಅಡ್ಡಡ್ಡ ಸರಿಯಲ್ಲ. ಕೆಲವು ನಿಮಿಷ ಸಿಗುತ್ತೆ. ದೂರದ ಗುಡ್ಡದ ಮೇಲೆ ಒಂದು ದೀಪ ಇಟ್ಟು, ನಕ್ಷತ್ರಕ್ಕೂ ದೀಪಕ್ಕೂ ನಡುವಿನ ಕೋನ ಅಳೀತಾರೆ. ಆ ಗಳಿಗೆಯಲ್ಲಿ ನಕ್ಷತ್ರ ನಿಜ ಉತ್ತರದಿಂದ ಎಷ್ಟು ಪಕ್ಕಕ್ಕಿದೆ ಅನ್ನೋದು ಆ ಜಾಗದ ಅಕ್ಷಾಂಶ ಗೊತ್ತಿದ್ದರೆ ಲೆಕ್ಕಕ್ಕೆ ಸಿಗುತ್ತೆ. ಅಷ್ಟನ್ನು ಕಳೆದರೆ ದೀಪದ ದಿಕ್ಕು ಗೊತ್ತಾಯ್ತು. ಬೆಳಗಾದ ಮೇಲೆ ನಕ್ಷತ್ರ ಮುಳುಗಲಿ ಬಿಡಲಿ, ದೀಪ ಇದ್ದ ಜಾಗ ಅಲ್ಲೇ ಇರುತ್ತೆ. ಉತ್ತರ ಆಕಾಶದಿಂದ ಗುಡ್ಡಕ್ಕೆ ಇಳಿದ ಹಾಗೆ.

ಹೇಳೋಕೆ ಸುಲಭ. ಚಳ್ಳಕೆರೆಯಿಂದ ಧ್ರುವ ನಕ್ಷತ್ರ ದಿಗಂತದ ಮೇಲೆ ಬರೀ 14 ಡಿಗ್ರಿ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಬೇಸಿಗೆಯ ಧೂಳು, ಮಳೆಗಾಲದ ಮೋಡ, ಎದುರಿಗೆ ಒಂದು ಗುಡ್ಡ ಇದ್ದರೆ ಮುಗೀತು. ಲ್ಯಾಂಬ್ಟನ್ ಹೀಗೆ ರಾತ್ರಿ ಕಾದು ಎಳೆದ ಆ ದೊಡ್ಡ ಚಾಪ 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ, ನಮ್ಮ ಪೂರ್ವಕ್ಕೆ, ಗುತ್ತಿಯ ಕಡೆಯಿಂದ ಉತ್ತರಕ್ಕೆ ಹೋಯಿತು. 1823ರಲ್ಲಿ ಹಿಂಗಣಘಾಟಿನಲ್ಲಿ ಅವನು ತೀರಿಕೊಂಡಾಗಲೂ ಕೆಲಸ ನಡೀತಾನೇ ಇತ್ತು.

ಇಷ್ಟೆಲ್ಲಾ ನಿಖರತೆ ರೈತನ ಹೊಲಕ್ಕೆ ಬಂತಾ? ಇಲ್ಲ. ಮೈಸೂರು ಸಂಸ್ಥಾನದಲ್ಲಿ ಹೊಸ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ, ಅದೂ ನಮ್ಮ ಚಿತ್ರದುರ್ಗ ಜಿಲ್ಲೆಯಿಂದಲೇ. ಪಕ್ಕದ ಧಾರವಾಡದಲ್ಲಿ ನಡೆದಿದ್ದ ಮುಂಬಯಿ ಪದ್ಧತಿಯನ್ನು ಇಲ್ಲಿಗೆ ತಂದರು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. 33 ಅಡಿಗೆ 33 ಅಡಿ ಚೌಕ ಅಂದ್ರೆ 1,089 ಚದರಡಿ, ಅದೇ ಒಂದು ಗುಂಟೆ. ನಿಮ್ಮ ಪಹಣಿಯಲ್ಲಿರುವ ಎಕರೆ, ಗುಂಟೆ, ಆಣೆ ಎಲ್ಲ ಆ ಸರಪಳಿಯ ಮಕ್ಕಳು. ಮೊಳಕಾಲ್ಮೂರು ದಾಟಿ ರಾಯದುರ್ಗಕ್ಕೆ ಹೋದರೆ ಗುಂಟೆ ಮಾಯ, ಅಲ್ಲಿ ಸೆಂಟು. ಅದು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕ. ಒಂದೇ ಕರಿ ಮಣ್ಣು, ಎರಡು ಸರಪಳಿ.

ಆ ಸರ್ವೆಯಲ್ಲಿ ಒಂದೊಂದು ಸರ್ವೆ ನಂಬರಿಗೂ ಟಿಪ್ಪಣಿ ಬರೆದರು. ಹೊಲದ ನಡುವೆ ಒಂದು ನೇರ ಗೆರೆ, ಕ್ರಾಸ್ ಸ್ಟಾಫ್ ಇಟ್ಟು ಆ ಗೆರೆಯಿಂದ ಬದುವಿನ ಪ್ರತಿ ಮೂಲೆಗೆ ಲಂಬವಾಗಿ ಎಷ್ಟು ಸರಪಳಿ ಅನ್ನೋದು. ಅಷ್ಟು ಇದ್ದರೆ ವಿಸ್ತೀರ್ಣ ಬರುತ್ತೆ, ಕಂದಾಯ ಕಟ್ಟಿಸಬಹುದು. ಟಿಪ್ಪಣಿಯ ಚಿತ್ರ ಪ್ರಮಾಣಕ್ಕೆ ತಕ್ಕ ಹಾಗೆ ಬರೆದದ್ದಲ್ಲ, ಅಂಕಿಗಳೇ ಮುಖ್ಯ. ಉತ್ತರ ಯಾವ ಕಡೆ ಅನ್ನೋ ಪ್ರಶ್ನೆಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರತಿ ಹೊಲಕ್ಕೂ ಅದರದ್ದೇ ಲೋಕಲ್ ಕೋಆರ್ಡಿನೇಟ್ ಸಿಸ್ಟಮ್.

ಕ್ರಯಪತ್ರದ ಚೆಕ್ಕುಬಂದಿ ನೋಡಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಮಗ ಇಂಥವರ ಹೊಲ. ಇಲ್ಲಿ ಉತ್ತರ ಅಂದ್ರೆ ಕೋನ ಅಲ್ಲ, ಹಳ್ಳ. ಹೊಲ ಈಶಾನ್ಯಕ್ಕೆ ಮೂವತ್ತು ಡಿಗ್ರಿ ತಿರುಗಿದ್ದರೂ ಪತ್ರ ಸುಳ್ಳಾಗಲ್ಲ, ಎದುರಿನವರೂ ಒಪ್ಪುತ್ತಾರೆ. ನೂರೈವತ್ತು ವರ್ಷ ಈ ವ್ಯವಸ್ಥೆ ನಡೆದದ್ದು ಬಾಂದು ಕಲ್ಲಿನ ಮೇಲೆ ಮತ್ತು ಪಕ್ಕದವರ ನೆನಪಿನ ಮೇಲೆ. ಅದನ್ನು ಹಿಂದುಳಿದ ಪದ್ಧತಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ತೊಂದರೆ ಶುರುವಾಗಿದ್ದು ಈ ಸಾವಿರಾರು ಪುಟ್ಟ ಲೋಕಗಳನ್ನು ಒಂದೇ ಗ್ರಿಡ್ಡಿನ ಮೇಲೆ ಕೂರಿಸಲು ಹೊರಟಾಗ. ದಿಶಾಂಕ್ ಆಪ್ ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ಇರುತ್ತೆ. ಸೈಟು ನೋಡಲು ಹೋದಾಗ ತೆಗೆದು ನಿಂತಲ್ಲೇ ಸರ್ವೆ ನಂಬರ್ ನೋಡಿರ್ತೀರಿ. ಅದರ ಹಿಂದೆ ಇರೋದು ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿದ ಕೆಲಸ. ಹಳೆಯ ನಕ್ಷೆಯ ಮೂಲೆಯಲ್ಲಿರುವ ಬಾಣದ ಗುರುತನ್ನು ನಿಜ ಉತ್ತರ ಅಂತ ತಿಳಿದು ಕೂರಿಸಿದಿರಿ, ಆದರೆ ಅದನ್ನು ಬರೆದವನು ದಿಕ್ಸೂಚಿ ನೋಡಿ ಬರೆದಿದ್ದ ಅಂದುಕೊಳ್ಳಿ. ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಮೂರು ಕಿಲೋಮೀಟರ್ ಉದ್ದದ ಊರನ್ನು ನಡುಬಿಂದುವಿನ ಮೇಲೆ ತಿರುಗಿಸಿದಾಗ ಎರಡೂ ತುದಿಯ ಹೊಲಗಳು 26 ಮೀಟರ್ ಸರಿದಿರ್ತವೆ. ಇದಕ್ಕೆ ಮದ್ದು ಮೂರು ಊರಿನ ಗಡಿ ಸೇರುವ ಕಲ್ಲು. ಅಂಥ ಎರಡು ಕಲ್ಲು ನೆಲದಲ್ಲಿ ಸಿಕ್ಕಿದರೆ ಉತ್ತರದ ಹಂಗೇ ಇಲ್ಲ, ನಕ್ಷೆ ತಾನಾಗಿ ಕೂರುತ್ತೆ. ಲ್ಯಾಂಬ್ಟನ್ನನ ಗುಡ್ಡದ ದೀಪದ ಕೆಲಸವನ್ನೇ ಆ ಕಲ್ಲು ಮಾಡುತ್ತೆ. ಜೆಸಿಬಿ ಬಂದ ಮೇಲೆ ಎಷ್ಟು ಕಲ್ಲು ಉಳಿದಿವೆ ಅನ್ನೋದನ್ನು ನಿಮ್ಮ ನಿಮ್ಮ ಊರಲ್ಲಿ ನೋಡಿಕೊಳ್ಳಿ.

ಟೋಟಲ್ ಸ್ಟೇಷನ್‌ಗೂ ತಾನಾಗಿ ಉತ್ತರ ಗೊತ್ತಿರಲ್ಲ. ಗೊತ್ತಿರೋ ಒಂದು ಜಾಗದಲ್ಲಿ ನಿಲ್ಲಿಸಿ, ಗೊತ್ತಿರೋ ಇನ್ನೊಂದು ಜಾಗದ ಕಡೆ ತಿರುಗಿಸಿ, ಇದು ಇಂಥ ದಿಕ್ಕು ಅಂತ ಹೇಳಿಕೊಡಬೇಕು. ಅದಕ್ಕೆ ಬ್ಯಾಕ್‌ಸೈಟ್ ಅಂತಾರೆ. ಅಲ್ಲಿಂದ ಮುಂದೆ ಅದು ಹೇಳೋ ಪ್ರತಿಯೊಂದು ಮಿಲಿಮೀಟರೂ ಆ ಮೊದಲ ಮಾತಿನ ಮೇಲೆ ನಿಂತಿರುತ್ತೆ. ಬ್ಯಾಕ್‌ಸೈಟ್ ಕಲ್ಲು ಯಾರೋ ಅಗೆದು ಪಕ್ಕಕ್ಕೆ ನೆಟ್ಟಿದ್ದಾದರೆ ಯಂತ್ರ ತಪ್ಪನ್ನೇ ಮಿಲಿಮೀಟರ್ ನಿಖರತೆಯಲ್ಲಿ ಹೇಳುತ್ತೆ.

ಚಳ್ಳಕೆರೆಯಲ್ಲಿ ಇದು ಬರೀ ಅಣ್ಣತಮ್ಮಂದಿರ ಜಗಳ ಅಲ್ಲ. 2010ರ ಸುಮಾರಿನಲ್ಲಿ ಇಲ್ಲಿಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ದೊಡ್ಡ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ವರವು ಕಾವಲಿನಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯ, 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕುರಿ, ದನ ಮೇಯಿಸುತ್ತಿದ್ದ ಊರವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಉದ್ದಕ್ಕೂ ಗೋಡೆ ಎದ್ದಿತು.

ಅದೇ ಪರೀಕ್ಷಾ ವಲಯದ ರನ್‌ವೇ ಮೇಲೆ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಮೂರು ಸಲ ಇಳಿಸಿತು. ಮೊದಲನೆಯದು 2023ರ ಏಪ್ರಿಲ್ 2ರಂದು. 2024ರ ಜೂನ್ 23ರಂದು ಪುಷ್ಪಕ್ ವಾಹನವನ್ನು ಹೆಲಿಕಾಪ್ಟರಿನಿಂದ ಬೇಕಂತಲೇ ರನ್‌ವೇ ಗೆರೆಯಿಂದ 500 ಮೀಟರ್ ಅಡ್ಡಕ್ಕೆ ಬಿಟ್ಟರು. ಅದು ತಾನೇ ದಿಕ್ಕು ತಿದ್ದಿಕೊಂಡು ನಡುಗೆರೆಯ ಮೇಲೆ ಬಂದು ಇಳಿಯಿತು. ನೋಡಿದರೆ ಮೈ ಜುಮ್ ಅನ್ನುತ್ತೆ, ನಿಜವಾಗಿಯೂ. ಗೋಡೆಯ ಒಳಗೆ ಉತ್ತರ ಎಲ್ಲಿದೆ ಅನ್ನೋದರಲ್ಲಿ ಕೂದಲೆಳೆಯ ಅನುಮಾನವೂ ಇಲ್ಲ.

ಗೋಡೆಯ ಹೊರಗೆ ಹಾಗಲ್ಲ. ಒಳಗಿನವರ ಹತ್ತಿರ ಪ್ರತಿ ಕಂಬದ ಕೋಆರ್ಡಿನೇಟ್ ಇರುತ್ತೆ. ಹೊರಗಿನ ರೈತನ ಹತ್ತಿರ ಟಿಪ್ಪಣಿ ಇರುತ್ತೆ, ಅದರಲ್ಲಿ ಸರಪಳಿ ಆಣೆ. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಬಂದಾಗ ಬ್ಯಾಕ್‌ಸೈಟ್ ಯಾವುದು ಹಿಡೀತಾನೆ? ಗೋಡೆಯ ಮೂಲೆ ಕಣ್ಣಿಗೆ ಕಾಣುತ್ತೆ, ಅದರ ಅಂಕಿಯೂ ಸಿಗುತ್ತೆ. ಬಾಂದು ಕಲ್ಲು ಹುಡುಕೋಕೆ ಜಾಲಿ ಮುಳ್ಳು ಸವರಬೇಕು, ವಯಸ್ಸಾದ ಒಬ್ಬರನ್ನು ಕರೆಸಿ ಕೇಳಬೇಕು, ಅರ್ಧ ದಿನ ಹಿಡಿಯುತ್ತೆ. ಗೋಡೆ ಸರಿಯಾದ ಜಾಗದಲ್ಲಿ ಎದ್ದಿದೆಯಾ ಅನ್ನೋದೇ ತಕರಾರು ಆಗಿರುವಾಗ ಗೋಡೆಯ ಮೂಲೆಯಿಂದಲೇ ಅಳೆದರೆ ಉತ್ತರ ಮೊದಲೇ ಬರೆದಿಟ್ಟ ಹಾಗೆ. ನಿಮ್ಮ ಅಪ್ಪನದ್ದೋ ಮಾವನದ್ದೋ ಹೊಲ ಅಳೆಯುವ ದಿನ ನೀವು ಊರಲ್ಲಿದ್ದರೆ ಟಿಪ್ಪಣಿಯ ನಕಲು ಕೈಯಲ್ಲಿ ಹಿಡಿದಿರಿ, ಬ್ಯಾಕ್‌ಸೈಟ್ ಯಾವ ಕಲ್ಲು ಅಂತ ಕೇಳಿ, ಅದು ಕಲ್ಲೇ ಹೌದಾ ಅಂತ ಹೋಗಿ ನೋಡಿ ಬನ್ನಿ. ಕಾವಲಿಗೆ ಹೊಂದಿಕೊಂಡ ಹೊಲಗಳ ಹಳೆಯ ಪತ್ರಗಳಲ್ಲಿ ಚೆಕ್ಕುಬಂದಿ ಈಗಲೂ ಹಾಗೇ ಇದೆ: ಉತ್ತರಕ್ಕೆ, ಕಾವಲು.